ಅರ್ಧ ಟ್ರೇ ತತ್ತಿ ಸಾಕು: ಲಾಕ್‌ಡೌನ್ ಕಲಿಸಿದ ಲೆಕ್ಕ

ಇವತ್ತಿನ ಮಾತು ತತ್ತಿ ಬಗ್ಗೆ. ಬೆಂಗಳೂರು, ಮೈಸೂರು ಕಡೆಯಿಂದ ಕೇಳ್ತಾ ಇರೋರಿಗೆ ಅದು ಮೊಟ್ಟೆ. ನಮ್ಮ ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ಕಡೆ ತತ್ತಿ. ನನ್ನ ಬಾಯಲ್ಲಿ ಎರಡೂ ಬರುತ್ತೆ, ಹೊಂದಿಸ್ಕೊಳ್ರಿ.

ಮೂರು ಪ್ರಶ್ನೆ ಇಟ್ಕೊಂಡಿದ್ದೀನಿ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿಯಿಂದ ತತ್ತಿ ಯಾಕೆ ಮಾಯ ಆಯ್ತು? ಸಿಕ್ಕಿದ್ದನ್ನ ಫ್ರಿಜ್ ಇಲ್ಲದ ಮನೇಲಿ ಹೇಗೆ ಇಡೋದು? ಮುಂದೆ ಅಂಥ ದಿನ ಬಂದ್ರೆ ಎಷ್ಟು ತಗೋಬೇಕು?

ಮೊದಲು ಆ ದಿನಗಳನ್ನ ನೆನಪು ಮಾಡ್ಕೊಳ್ಳೋಣ. 2020ರ ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲರ ಫೋನಿಗೂ ಒಂದೇ ಮೆಸೇಜ್ ಬರ್ತಿತ್ತು: ಕೋಳಿ ತಿಂದ್ರೆ ಕೊರೊನಾ ಬರುತ್ತೆ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಹೇಳಿತು. ಆದ್ರೆ ಫಾರ್ವರ್ಡ್ ಮೆಸೇಜ್ ಓಡೋ ವೇಗದಲ್ಲಿ ಸ್ಪಷ್ಟನೆ ಓಡಲ್ಲ. ಅದೇ ಮಾರ್ಚ್‌ನಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರ ಕಾಣಿಸ್ತು. ಅದು ಬೇರೆಯೇ ರೋಗ, ಆದ್ರೂ ಭಯಕ್ಕೆ ಭಯ ಸೇರ್ತು. ಮಾರ್ಚ್ 12ರಂದು ದೇಶದ ಮೊದಲ ಕೋವಿಡ್ ಸಾವು ದೃಢಪಟ್ಟಿದ್ದು ನಮ್ಮ ಪಕ್ಕದ ಕಲಬುರಗಿಯಲ್ಲೇ. ಆಮೇಲಂತೂ ನಮ್ಮ ಕಡೆ ಕೋಳಿ ಅಂಗಡಿ ಮುಂದೆ ನಿಲ್ಲೋಕೂ ಜನ ಹೆದರಿದ್ರು.

ಬೆಳಗಾವಿ ಜಿಲ್ಲೆ ಗೋಕಾಕ ತಾಲ್ಲೂಕಿನಲ್ಲಿ ಒಬ್ಬ ರೈತ ಸಾವಿರಾರು ಕೋಳಿಗಳನ್ನ ಜೀವಂತ ಗುಂಡಿಗೆ ಹಾಕಿದ ವಿಡಿಯೊ ನೀವೂ ನೋಡಿರ್ತೀರಿ. ಬೆಲೆ ಅಷ್ಟು ಬಿದ್ದಿತ್ತು. ಮೇವಿನ ದುಡ್ಡೂ ವಾಪಸ್ ಬರ್ತಿರಲಿಲ್ಲ.

ಆಮೇಲೆ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಎರಡು ವಾರದ ಹಿಂದೆ ಬೇಡ ಅಂದಿದ್ದ ಜನಕ್ಕೆ ಈಗ ತತ್ತಿ ಬೇಕು. ಸಂತೆ ಇಲ್ಲ, ಕಾಯಿಪಲ್ಯ ಇಲ್ಲ. ಕಿರಾಣಿ ಅಂಗಡಿ ಮುಂದೆ ಸುಣ್ಣದ ಗೋಲದಲ್ಲಿ ನಿಂತು ಕಾಯಬೇಕು. ಕಾದ್ರೂ ತತ್ತಿ ಇಲ್ಲ.

ಹಾಗಾದ್ರೆ ತತ್ತಿ ಎಲ್ಲಿ ಹೋಯ್ತು? ಎಲ್ಲೂ ಹೋಗಿರಲಿಲ್ಲ, ಫಾರಂನಲ್ಲೇ ಇತ್ತು. ಕೋಳಿಗೆ ಲಾಕ್‌ಡೌನ್ ಗೊತ್ತಿಲ್ಲ. ಒಂದು ತತ್ತಿ ತಯಾರಾಗೋಕೆ ಅದರ ಹೊಟ್ಟೆಯಲ್ಲಿ ಸುಮಾರು ಒಂದು ದಿನ ಬೇಕು. ಮರುದಿನ ಇನ್ನೊಂದು ಶುರು. ನಿಲ್ಲಿಸೋಕೆ ಸ್ವಿಚ್ ಇಲ್ಲ. ನಮ್ಮ ಕಡೆಗೆ ಫಾರಂ ತತ್ತಿ ಬರೋದು ಹೆಚ್ಚಾಗಿ ಹೈದರಾಬಾದ್ ಕಡೆಯಿಂದ, ಹುಮನಾಬಾದ್ ಹೆದ್ದಾರಿ ಹಿಡಿದು. ಹುಲಸೂರ ಅಂದ್ರೆ ಗಡಿ. ಈ ಕಡೆ ತೆಲಂಗಾಣ ಹತ್ತಿರ, ಆ ಕಡೆ ಮಹಾರಾಷ್ಟ್ರ. ಆಹಾರ, ಮಾಂಸ, ಮೇವು ಎಲ್ಲಕ್ಕೂ ವಿನಾಯಿತಿ ಇದೆ ಅಂತ ಕೇಂದ್ರದ ಆದೇಶ ಮೊದಲ ದಿನದಿಂದಲೇ ಹೇಳ್ತಿತ್ತು. ಕಾಗದದಲ್ಲಿ ರಸ್ತೆ ತೆರೆದಿತ್ತು. ಆದ್ರೆ ಚೆಕ್‌ಪೋಸ್ಟ್‌ನಲ್ಲಿ ಗಂಟೆಗಟ್ಟಲೆ ನಿಲ್ಲೋಕೆ ಡ್ರೈವರ್ ಬೇಕಲ್ಲ? ಲೋಡ್ ಇಳಿಸೋ ಹಮಾಲರು ಬೇಕಲ್ಲ? ಅಗತ್ಯ ವಸ್ತು, ಅಲ್ಲದ ವಸ್ತು ಅಂತ ಭೇದ ಇಲ್ಲದೆ ಎಲ್ಲ ಸರಕನ್ನೂ ಬಿಡಿ ಅಂತ ಮಾರ್ಚ್ 29ಕ್ಕೆ ಮತ್ತೆ ಹೇಳಬೇಕಾಯ್ತು.

ಇನ್ನೊಂದು ಕೊರತೆ ನಿಧಾನಕ್ಕೆ ಬರೋದು. ಮಾಂಸದ ಬ್ರಾಯ್ಲರ್ ಕೋಳಿ ಆರೇಳು ವಾರಕ್ಕೆ ಬೆಳೆಯುತ್ತೆ. ತತ್ತಿ ಇಡೋ ಲೇಯರ್ ಕೋಳಿಗೆ ಮೊದಲ ತತ್ತಿ ಇಡೋಕೆ 18ರಿಂದ 20 ವಾರ ಬೇಕು. ಅಂದ್ರೆ ಮಾರ್ಚ್‌ನಲ್ಲಿ ನಷ್ಟಕ್ಕೆ ಹೆದರಿ ಹೊಸ ಮರಿ ಹಾಕದ ರೈತನ ಫಾರಂನಲ್ಲಿ ಆಗಸ್ಟ್‌ಗೆ ತತ್ತಿ ಕಮ್ಮಿ. ನಾವು ಫಾರ್ವರ್ಡ್ ಮಾಡಿದ ಸುಳ್ಳಿನ ಬಿಲ್ ಐದು ತಿಂಗಳ ಮೇಲೆ ಬರುತ್ತೆ.

ಈಗ ಎರಡನೇ ಪ್ರಶ್ನೆ, ಇಡೋದು ಹೇಗೆ. ಇದು ಬರೀ ಅಡುಗೆಮನೆ ಟಿಪ್ಸ್ ಅಲ್ಲ, ಯಾಕೆ ಅಂತ ಹೇಳ್ತೀನಿ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಊಟ, ಜೊತೆಗೆ ಮೊಟ್ಟೆ. ಕೇಂದ್ರಗಳು ಮುಚ್ಚಿದ ಮೇಲೆ ರೇಷನ್ ಮನೆಗೇ ಬಂತು. ದಿನಕ್ಕೊಂದು ಬೇಯಿಸಿದ್ದು ಸಿಗ್ತಿದ್ದ ಜಾಗದಲ್ಲಿ ಹಲವು ದಿನದ ಹಸಿ ತತ್ತಿ ಒಟ್ಟಿಗೆ. ನಮ್ಮ ಓಣಿಯಲ್ಲಿ ಒಬ್ಬ ಬಸುರಿ ಹೆಣ್ಮಗಳು ಅಂಗನವಾಡಿ ಅಕ್ಕನ್ನ ಕೇಳಿದ ಮಾತು ನನಗೆ ನೆನಪಿದೆ: "ಅಕ್ಕಾ, ಇಷ್ಟೂ ಎಲ್ಲಿ ಇಡ್ಲಿ? ಮಧ್ಯಾಹ್ನ ಪತ್ರಾಸ್ ಕಾದ ಹಂಚಿನಂಗ ಆಗ್ತದ." ಅಕ್ಕ ಹೇಳಿದ್ಳು: "ರಂಜಣಗಿ ಪಕ್ಕ ನೆಳ್ಳಾಗ ಇಡವ್ವಾ. ತೊಳೀಬ್ಯಾಡ."

ಆ ಎರಡು ಮಾತಲ್ಲಿ ಅರ್ಧ ವಿಜ್ಞಾನ ಇದೆ. ಮೊಟ್ಟೆ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರ ಇರ್ತವೆ. ಅವುಗಳ ಮೇಲೆ ಒಂದು ತೆಳು ಪೊರೆ, ಕೋಳಿನೇ ಹಾಕಿದ ಸೀಲ್. ಕೊರೊನಾ ಭಯಕ್ಕೆ ಎಷ್ಟೋ ಜನ ತತ್ತಿನ ಸೋಪು ಹಚ್ಚಿ ತೊಳೆದು ಇಟ್ರು. ತೊಳೆದ್ರೆ ಆ ಪೊರೆ ಹೋಗುತ್ತೆ, ನೀರಿನ ಜೊತೆ ಹೊಲಸು ಒಳಗೆ ಇಳಿಯೋ ದಾರಿ ಆಗುತ್ತೆ. ಹಾಗಾಗಿ ತೊಳೆಯೋದು ಒಡೆಯೋ ಮುಂಚೆ ಮಾತ್ರ. ಕೊಳೆ ಇದ್ರೆ ಒಣ ಬಟ್ಟೆಯಿಂದ ಒರೆಸಿ.

ಇಡುವಾಗ ಚೂಪು ತುದಿ ಕೆಳಗೆ. ಅಗಲ ತುದಿಯಲ್ಲಿ ಗಾಳಿ ಚೀಲ ಇರುತ್ತೆ, ಅದು ಮೇಲೇ ಇರಬೇಕು. ಒಲೆ ಹತ್ತಿರ, ಟಿನ್ ಶೀಟ್ ಕೆಳಗಿನ ಅಟ್ಟದ ಮೇಲೆ ಬೇಡ. ನೆಲ, ನೆರಳು, ಗಾಳಿ ಇರಲಿ.

ನಮ್ಮಂಥ ಒಣ ಬಿಸಿಲಿನ ಊರಿಗೆ ಹೊಂದೋ ಇನ್ನೊಂದು ಉಪಾಯ: ದೊಡ್ಡ ಮಣ್ಣಿನ ಗಡಿಗೆ ಒಳಗೆ ಸಣ್ಣ ಗಡಿಗೆ, ನಡುವೆ ಮರಳು, ಮರಳಿಗೆ ದಿನಕ್ಕೆ ಎರಡು ಸಲ ನೀರು. ನೀರು ಆವಿಯಾಗ್ತಾ ಒಳಗಿನ ಗಡಿಗೆ ತಂಪಾಗುತ್ತೆ, ರಂಜಣಗಿ ನೀರು ತಂಪಾದ ಹಾಗೇ. ತತ್ತಿ ಒಳಗಿನ ಗಡಿಗೆಯಲ್ಲಿ, ಅಡಿಗೆ ಒಣ ಬಟ್ಟೆ, ಮೇಲೊಂದು ಮುಚ್ಚಳ. ತತ್ತಿಗೆ ಮಾತ್ರ ತೇವ ತಾಗಬಾರದು.

ಜವಾರಿ ತತ್ತಿ ಇಟ್ಕೊಳ್ಳೋರು ಒಂದು ವಿಷಯ ಕೇಳ್ರಿ. ಮನೆ ಕೋಳಿ ಜೊತೆ ಹುಂಜ ಇರುತ್ತೆ, ಆ ತತ್ತಿಯಲ್ಲಿ ಜೀವ ಇರಬಹುದು. ಕೋಳಿ ಕಾವಿನ ಶಾಖ 37, 38 ಡಿಗ್ರಿ. ನಮ್ಮ ಏಪ್ರಿಲ್ ಮಧ್ಯಾಹ್ನ ಅದಕ್ಕಿಂತ ಮೇಲೆ ಹೋಗುತ್ತೆ. ಬಿಸಿಲೇ ಕಾವು ಕೂತ ಹಾಗಾಗಿ ಅದು ಬೇಗ ಕೆಡುತ್ತೆ. ಫಾರಂ ಲೇಯರ್ ಕೋಳಿ ಜೊತೆ ಹುಂಜ ಇರಲ್ಲ, ಅದಕ್ಕೆ ಈ ಸಮಸ್ಯೆ ಇಲ್ಲ. ಆದ್ದರಿಂದ ಮನೇಲಿ ಎರಡೂ ಇದ್ರೆ ಜವಾರಿ ಮೊದಲು ತಿನ್ರಿ.

ಫ್ರಿಜ್ ಇರೋರಿಗೂ ಒಂದು ಮಾತು. ಬಾಗಿಲಲ್ಲಿ ಗುಂಡಿ ಇದೆ ಅಂತ ಅಲ್ಲೇ ಇಡಬೇಡಿ, ತೆಗೆದು ಹಾಕಿ ಅಲ್ಲಿ ಶಾಖ ಏರಿಳಿಯುತ್ತೆ. ಒಳಗಿನ ಶೆಲ್ಫ್‌ನಲ್ಲಿಟ್ರೆ ಮೂರರಿಂದ ಐದು ವಾರ ಬರುತ್ತೆ. ಹೊರಗೆ, ಬೇಸಿಗೆಯಲ್ಲಿ, ಒಂದು ವಾರದ ಲೆಕ್ಕ ಇಟ್ಕೊಳ್ಳಿ. ಬೇಯಿಸಿಟ್ರೆ ಹೆಚ್ಚು ದಿನ ಬರುತ್ತೆ ಅಂದ್ಕೊಂಡವರಿದ್ದಾರೆ. ಉಲ್ಟಾ. ಬೇಯಿಸಿದ್ದು ಹಸಿಗಿಂತ ಬೇಗ ಕೆಡುತ್ತೆ, ಅವತ್ತೇ ತಿನ್ನಿ.

ಅನುಮಾನ ಬಂದ್ರೆ ಪಾತ್ರೆ ನೀರಲ್ಲಿ ಬಿಡಿ. ಅಡ್ಡ ಮಲಗಿದ್ರೆ ತಾಜಾ. ನೆಟ್ಟಗೆ ನಿಂತ್ರೆ ಹಳೇದು, ಇವತ್ತೇ ಚೆನ್ನಾಗಿ ಬೇಯಿಸಿ ಮುಗಿಸಿ. ತೇಲಿದ್ರೆ ಬಿಡಿ. ದಿನ ಕಳೆದಂತೆ ಒಳಗಿನ ತೇವ ಹೊರಗೆ ಹೋಗಿ ಗಾಳಿ ತುಂಬುತ್ತೆ, ಅದಕ್ಕೇ ತೇಲೋದು. ಒಡೆಯುವಾಗ ಒಂದೊಂದೇ ಬೇರೆ ಬಟ್ಟಲಿಗೆ ಒಡೆದು, ವಾಸನೆ ನೋಡಿ, ಆಮೇಲೆ ಬೋಗುಣಿಗೆ ಹಾಕಿ.

ಕೊನೇ ಪ್ರಶ್ನೆ: ಎಷ್ಟು ತಗೋಬೇಕು? ನಾಲ್ಕು ಜನರ ಮನೆ, ಒಬ್ಬೊಬ್ಬರಿಗೆ ದಿನ ಬಿಟ್ಟು ದಿನ ಒಂದು ಅಂದ್ರೆ ವಾರಕ್ಕೆ 14. ಅರ್ಧ ಟ್ರೇ ಅಂದ್ರೆ 15. ಒಂದು ಒಡೆದ್ರೂ ಲೆಕ್ಕ ತಪ್ಪಲ್ಲ. ಆದ್ರೆ ಆ ವಾರಗಳಲ್ಲಿ ಗಾಡಿ ಇದ್ದವರು, ಕೈಯಲ್ಲಿ ದುಡ್ಡಿದ್ದವರು ಮೂರು ಮೂರು ಟ್ರೇ ಒಯ್ದ್ರು. 90 ತತ್ತಿ. 40 ಡಿಗ್ರಿ ಬಿಸಿಲು, ನಡುನಡುವೆ ಕರೆಂಟ್ ಹೋಗೋ ಊರು. ಅದರಲ್ಲಿ ಎಷ್ಟು ತಿಪ್ಪೆಗೆ ಹೋಯ್ತು ಅಂತ ಅವರವರಿಗೇ ಗೊತ್ತು. ಸಾಲಿನ ಕೊನೆಗೆ ನಿಂತವರು ಕೂಲಿ ಬಂದ್ ಆಗಿದ್ದ ಮನೆಯವರು. ಎರಡು ತತ್ತಿ ಕೇಳೋಕೆ ಬಂದವರು. ಅವರು ಬರೋ ಹೊತ್ತಿಗೆ ಅಂಗಡಿ ಕಾಕಾ ಖಾಲಿ ಟ್ರೇ ಜೋಡಿಸ್ತಾ ಇರ್ತಿದ್ದ.

ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಅದು ಎಷ್ಟು ಬೇಕಾಗಿದೆ ಅನ್ನೋದಕ್ಕೇ 2021ರ ಡಿಸೆಂಬರ್‌ನಲ್ಲಿ ಶಾಲೆ ಬಿಸಿಯೂಟದಲ್ಲಿ ಮೊಟ್ಟೆ ಕೊಡೋದನ್ನ ಸರ್ಕಾರ ಮೊದಲು ಶುರು ಮಾಡಿದ ಜಿಲ್ಲೆಗಳಲ್ಲಿ ನಮ್ಮ ಬೀದರ್ ಕೂಡ ಇತ್ತು. ಅದರ ಬಗ್ಗೆ ಪರ ವಿರೋಧ ಜೋರಾಗೇ ನಡೀತು. ತಿನ್ನೋದು, ಬಿಡೋದು ಅವರವರ ಮನೆ ವಿಚಾರ. ಆದ್ರೆ ತಿನ್ನೋ ಮನೆಗೆ ಸಿಗಬೇಕಾದ್ದು ಇನ್ನೊಬ್ಬರ ಅಟ್ಟದ ಮೇಲೆ ಕೊಳೀಬಾರದು.

ಮುಂದೆ ಮತ್ತೆ ಅಂಗಡಿ ಮುಂದೆ ಸಾಲು ನಿಂತ ದಿನ ಬಂದ್ರೆ ಅರ್ಧ ಟ್ರೇ ತಗೊಳ್ರಿ, ಮುಂದಿನ ವಾರ ಮತ್ತೆ ಹೋಗ್ರಿ. ಕೋಳಿ ಅಂತೂ ನಾಳೆನೂ ತತ್ತಿ ಇಡುತ್ತೆ. ನಿಮ್ಮ ಮನೇಲಿ ಫ್ರಿಜ್ ಇಲ್ಲದ ಕಾಲದಲ್ಲಿ ಅಜ್ಜಿ, ಆಯಿ ತತ್ತಿ ಹೇಗೆ ಇಡ್ತಿದ್ರು ಅಂತ ಕೇಳಿ, ನಮಗೊಂದು ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ವಾರ ಸಿಗೋಣ.