ದುಡಿಮೆಯ ಸ್ಥಳದ ಕಟುನುಡಿ ಮತ್ತು ಮನೆಯ ನೆಮ್ಮದಿ



ಇಂದಿನ ಮಾತು ಯಾವುದೇ ಒಂದು ರೋಗವನ್ನು ಕುರಿತದ್ದಲ್ಲ. ಪತಿಯೋ ಪತ್ನಿಯೋ ದುಡಿಯುವ ಸ್ಥಳದಲ್ಲಿ ಜೊತೆಯ ಕೆಲಸಗಾರರು, ಮೇಲ್ವಿಚಾರಕರು ಆಡುವ ಒರಟು ಮಾತು ಸಂಜೆಯ ಹೊತ್ತಿಗೆ ನಮ್ಮ ಮನೆಯ ಒಲೆಯ ಮುಂದೆ ಬಂದು ಕುಳಿತುಬಿಡುತ್ತದೆ. ಅದನ್ನು ದಂಪತಿಗಳು ಕೂಡಿ ಹೇಗೆ ಎದುರಿಸಬಹುದು ಎಂಬುದೇ ಇಂದಿನ ವಿಷಯ. ಕುಟುಂಬ ಕಲ್ಯಾಣಕ್ಕೂ ಇದಕ್ಕೂ ಏನು ಸಂಬಂಧವೆಂದು ಕೆಲವರಿಗೆ ತೋರಬಹುದು. ಹಗಲಲ್ಲಿ ಬೈಸಿಕೊಂಡು ಬಂದ ತಾಯಿ ಇರುಳಲ್ಲಿ ಮಗುವಿಗೆ ಹೊಡೆಯುವಳು. ಅವಮಾನವನ್ನು ನುಂಗಿಕೊಂಡ ತಂದೆ ಮನೆಗೆ ಬರುವ ಮೊದಲು ಹೆಂಡದಂಗಡಿಗೆ ಹೋಗುವನು. ಸಂಬಂಧ ಅಲ್ಲಿದೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ದುಡಿಮೆಯೆಂದರೆ ಬಹುಮಟ್ಟಿಗೆ ಹೊಲಗದ್ದೆ. ಕೂಡಿ ದುಡಿಯುವವರು ನೆಂಟರು ಇಲ್ಲವೆ ನೆರೆಯವರು. ಅಲ್ಲಿಯೂ ಬೈಗುಳವಿತ್ತು, ಜಾತಿಯ ಹೆಸರಿನಲ್ಲಿ ಅಪಮಾನವೂ ಇತ್ತು. ಹಳೆಯದೆಲ್ಲ ಚಿನ್ನವಾಗಿತ್ತೆಂದು ನಾನು ಹೇಳುವುದಿಲ್ಲ. ಈಗ ಮದ್ದೂರು, ರಾಮನಗರ, ದೊಡ್ಡಬಳ್ಳಾಪುರಗಳ ಸುತ್ತಲಿನ ಊರುಗಳಿಂದ ಸಾವಿರಾರು ಹೆಣ್ಣುಮಕ್ಕಳು ಬೆಳಗಿನ ಜಾವವೇ ಎದ್ದು, ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೊರಡುತ್ತಾರೆ. ಗಂಡಸರು ಸಕ್ಕರೆ ಕಾರ್ಖಾನೆಗೋ, ಗಾರೆ ಕೆಲಸಕ್ಕೋ, ಪೇಟೆಯ ಅಂಗಡಿಗೋ ಹೋಗುತ್ತಾರೆ. ಅಲ್ಲಿ ಪಕ್ಕದಲ್ಲಿ ನಿಲ್ಲುವವರು ಅಪರಿಚಿತರು. ಮನಸ್ತಾಪ ಬಂದರೆ ಕೂರಿಸಿ ಮಾತನಾಡುವ ಹಿರಿಯರಿಲ್ಲ.

ಗಾರ್ಮೆಂಟ್ಸ್ ಕಾರ್ಖಾನೆಯನ್ನೇ ನೋಡೋಣ. ಒಂದು ಅಂಗಿಯನ್ನು ಅಲ್ಲಿ ಒಬ್ಬರೇ ಹೊಲಿಯುವುದಿಲ್ಲ. ಕಾಲರ್ ಒಬ್ಬರದು, ತೋಳು ಇನ್ನೊಬ್ಬರದು, ಜೇಬು ಮತ್ತೊಬ್ಬರದು. ಹೀಗೆ ಕೈಯಿಂದ ಕೈಗೆ ಸಾಗುವ ಸಾಲಿನಲ್ಲಿ ಒಬ್ಬಳ ಕೈ ನಿಧಾನವಾದರೆ ಮುಂದಿನವಳು ಸುಮ್ಮನೆ ಕೂರಬೇಕಾಗುತ್ತದೆ. ಗಂಟೆಗೆ ಇಷ್ಟು ಪೀಸ್ ಎಂದು ಲೆಕ್ಕ. ಆ ಲೆಕ್ಕ ತಪ್ಪಿದರೆ ಸೂಪರ್‌ವೈಸರನನ್ನು ಮ್ಯಾನೇಜರ್ ಕೇಳುತ್ತಾನೆ. ಮಾಲು ಹಡಗು ಹತ್ತುವ ದಿನ ತಪ್ಪಿದರೆ ಮ್ಯಾನೇಜರನನ್ನು ಒಡೆಯ ಕೇಳುತ್ತಾನೆ. ಮೇಲಿನಿಂದ ಇಳಿದ ಈ ಒತ್ತಡವೆಲ್ಲ ಕೊನೆಗೆ ಬೈಗುಳದ ರೂಪದಲ್ಲಿ ಯಂತ್ರದ ಮುಂದೆ ಕುಳಿತವಳ ತಲೆಯ ಮೇಲೆ ಬೀಳುತ್ತದೆ. ಕಾರಣ ತಿಳಿಯಿತೆಂದ ಮಾತ್ರಕ್ಕೆ ಬೈಗುಳ ನ್ಯಾಯವಾಗುವುದಿಲ್ಲ. ಆದರೆ ಅದು ತನ್ನ ಯೋಗ್ಯತೆಗೆ ಕಟ್ಟಿದ ಬೆಲೆಯಲ್ಲ ಎಂಬುದು ಆಕೆಗೆ ತಿಳಿಯುತ್ತದೆ. ಅಷ್ಟು ತಿಳಿದರೂ ರಾತ್ರಿಯ ನಿದ್ರೆಗೆ ಎಷ್ಟೋ ಸಹಾಯ.

ಎಲ್ಲ ಕಟುಮಾತೂ ಒಂದೇ ಜಾತಿಯದಲ್ಲ. ‘ಈ ಹೊಲಿಗೆ ಸೊಟ್ಟಗಿದೆ, ಬಿಚ್ಚಿ ಮತ್ತೆ ಹಾಕು’ ಎಂದು ಯಾರಾದರೂ ಗಟ್ಟಿಯಾಗಿ ಹೇಳಿದರೆ ಅದು ಕೆಲಸದ ಮಾತು. ದನಿ ಒರಟಾದರೂ ತಿದ್ದಿಕೊಳ್ಳುವುದರಲ್ಲಿ ಲಾಭವಿದೆ. ಒಬ್ಬರು ಒಂದು ದಿನ ಸಿಡುಕಿ ಮರುದಿನ ಸರಿಹೋದರೆ ಅದನ್ನು ಮರೆಯುವುದೇ ಲೇಸು. ಅವರ ಮನೆಯಲ್ಲೂ ಜ್ವರವೋ ಸಾಲವೋ ಇದ್ದೀತು. ಆದರೆ ದಿನವೂ ಒಬ್ಬಳನ್ನೇ ಗುರಿಯಾಗಿಟ್ಟುಕೊಂಡು ಹೀಯಾಳಿಸುವುದು, ತಂದೆತಾಯಿಯ ಹೆಸರೆತ್ತುವುದು, ‘ಇನ್ನೂ ಮಕ್ಕಳಾಗಲಿಲ್ಲವೆ’ ಎಂದು ಹತ್ತು ಜನರ ನಡುವೆ ಕೆಣಕುವುದು, ಬುತ್ತಿ ಬಿಚ್ಚುವಾಗ ದೂರ ಸರಿದು ಕೂರುವುದು, ಇಲ್ಲದ ಸುದ್ದಿ ಹಬ್ಬಿಸುವುದು, ಬೇಕೆಂದೇ ಕೆಲಸ ತಡೆದು ದೂರು ಹೇಳುವುದು, ಇವು ಬೇರೆ. ಇವುಗಳಲ್ಲಿ ಕೆಲಸದ ಹಿತವಿಲ್ಲ. ಇವುಗಳನ್ನು ಸಹಿಸಿಕೊಂಡರೆ ತಾವಾಗಿ ನಿಲ್ಲುವುದು ಅಪರೂಪ.

ಇಂಥ ಮಾತು ದೇಹಕ್ಕೂ ತಟ್ಟುತ್ತದೆ. ಬೈಗುಳದ ಭಯದಲ್ಲಿರುವವರ ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ, ನಿದ್ರೆ ಕೆಡುತ್ತದೆ. ತಲೆನೋವು, ಹೊಟ್ಟೆಯುರಿ ಎಂದು ಆರೋಗ್ಯ ಕೇಂದ್ರಕ್ಕೆ ಬರುವವರ ನೋವಿನ ಹಿಂದೆ ಕೆಲವು ವೇಳೆ ಈ ಕಾರಣವೇ ಅಡಗಿರುತ್ತದೆ. ಇನ್ನೊಂದು ವಿಷಯವನ್ನು ಹೆಣ್ಣುಮಕ್ಕಳು ಸಂಕೋಚದಿಂದ ಹೇಳುವುದಿಲ್ಲ. ಶೌಚಾಲಯಕ್ಕೆ ಎದ್ದರೆ ಸೂಪರ್‌ವೈಸರ್ ರೇಗುತ್ತಾನೆಂದು ಬೆಳಗಿನಿಂದ ನೀರನ್ನೇ ಕುಡಿಯದೆ ಇರುವವರಿದ್ದಾರೆ. ಇದರಿಂದ ಮೂತ್ರನಾಳದ ಸೋಂಕು ತಗಲುವ ಸಂಭವ ಹೆಚ್ಚು. ಗರ್ಭಿಣಿಗಂತೂ ಅದು ಅಪಾಯ. ಯಾರ ಮುಖದ ಸಿಡುಕಿಗಾಗಿಯೂ ನೀರು ಕುಡಿಯುವುದನ್ನು ಬಿಡಬಾರದು. ಪತಿಯಾದವನು ಸಂಜೆ ಪತ್ನಿಯ ನೀರಿನ ಬಾಟಲಿ ತುಂಬಿದ್ದಂತೆಯೇ ಮರಳಿ ಬಂದಿದೆಯೇ ಎಂದು ನೋಡಿದರೆ ಅದು ಸಣ್ಣತನವಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಅವಮಾನಿತರಾಗಿ ಬಂದವರು ಮನೆಯಲ್ಲಿ ಬಾಯಿ ಬಿಟ್ಟಾಗ ಎದುರಿಗಿರುವವರು ಏನು ಮಾಡುತ್ತಾರೆ ಎಂಬುದರ ಮೇಲೆ ಬಹಳವೇ ನಿಂತಿದೆ. ಪತ್ನಿ ಬಂದು ‘ಇಂದು ಹೀಗೆಂದರು’ ಎಂದು ಹೇಳಿದಳೆನ್ನಿ. ಕೆಲವು ಗಂಡಂದಿರು ‘ನೀನೇನು ಮಾಡಿದ್ದೆ? ಸುಮ್ಮಸುಮ್ಮನೆ ಯಾರು ಬೈಯುತ್ತಾರೆ?’ ಎನ್ನುತ್ತಾರೆ. ಕೆಲವರು ‘ನಾಳೆಯಿಂದ ಕೆಲಸಕ್ಕೆ ಹೋಗಬೇಡ’ ಎಂದು ಆಜ್ಞೆ ಹೊರಡಿಸುತ್ತಾರೆ. ಮತ್ತೆ ಕೆಲವರು ನಾಲ್ವರು ಗೆಳೆಯರನ್ನು ಕಟ್ಟಿಕೊಂಡು ಕಾರ್ಖಾನೆಯ ಗೇಟಿಗೇ ಹೋಗುತ್ತಾರೆ. ಈ ಮೂರರ ಫಲವೂ ಒಂದೇ: ಮುಂದಿನ ಸಲ ಆಕೆ ಹೇಳುವುದಿಲ್ಲ. ಹೇಳಿದರೆ ಅನುಮಾನ, ಇಲ್ಲವೆ ಸಂಬಳಕ್ಕೆ ಕುತ್ತು, ಇಲ್ಲವೆ ಪೊಲೀಸು ಎಂದಾದರೆ ಯಾರು ತಾನೇ ಹೇಳಿಯಾರು? ಸಂಘದ ಸಾಲದ ಕಂತು, ಮಕ್ಕಳ ಶಾಲೆಯ ಖರ್ಚು ಆ ಸಂಬಳದಲ್ಲಿವೆಯೆಂದು ಆಕೆಗೆ ಗೊತ್ತು. ಹೀಗೆ ಬಾಯಿ ಕಟ್ಟಿಹೋದ ಮೇಲೆ ನಿಜವಾದ ಆಪತ್ತು ಬಂದಾಗಲೂ ಆಕೆ ಒಂಟಿ.

ಹಾಗಾದರೆ ಏನು ಮಾಡಬೇಕು? ಮೊದಲು ಪೂರ್ತಿ ಕೇಳಬೇಕು. ಉಪದೇಶ ಆಮೇಲೆ. ‘ಯಾರು ಅಂದರು? ಯಾವಾಗ? ಪಕ್ಕದಲ್ಲಿ ಯಾರಿದ್ದರು? ಮುಂಚೆಯೂ ಹೀಗೆ ಆಗಿತ್ತೆ? ಈಗ ಏನು ಮಾಡಬೇಕೆಂದು ನಿನ್ನ ಮನಸ್ಸಿಗಿದೆ?’ ಎಂದು ಕೇಳಿದರೆ ಸಾಕು. ಅರ್ಧ ಭಾರ ಇಳಿಯುತ್ತದೆ. ಇದೇ ಮಾತು ಪತ್ನಿಯರಿಗೂ ಸಲ್ಲುತ್ತದೆ. ಗಂಡಸರು ತಮಗಾದ ಅವಮಾನವನ್ನು ಹೇಳಿಕೊಳ್ಳುವುದು ಇನ್ನೂ ಕಡಿಮೆ. ಅದನ್ನು ಊಟದ ತಟ್ಟೆಯ ಮೇಲೆ ತೋರಿಸುತ್ತಾರೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಸಾರಿಗೆ ಉಪ್ಪು ಕಡಿಮೆಯೆಂದು ಕೂಗಾಡುವವನ ಸಿಟ್ಟು ನಿಜಕ್ಕೂ ಉಪ್ಪಿನ ಮೇಲಿದೆಯೇ ಎಂದು ಶಾಂತವಾಗಿ ಕೇಳಿ ನೋಡಿ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೇವೆ. ಹೊರಗಿನಿಂದ ಹೊತ್ತು ತಂದ ಜಗಳಕ್ಕೆ ಆ ಅವಧಿ ಇಲ್ಲ, ಏಕೆಂದರೆ ಅದರ ಕಾರಣ ನಾಳೆ ಬೆಳಿಗ್ಗೆ ಮತ್ತೆ ಅಲ್ಲೇ ಕಾದಿರುತ್ತದೆ.

ಒರಟರಿಗೆ ಉತ್ತರ ಹೇಳುವಾಗ ಅವರ ದನಿಗೆ ನಮ್ಮ ದನಿ ಏರಿಸಿದರೆ ಸೋಲು ನಮ್ಮದೇ. ಸಿಟ್ಟು ಇಳಿದ ಮೇಲೆ, ಸಾಧ್ಯವಾದರೆ ಇನ್ನೊಬ್ಬರ ಎದುರಿನಲ್ಲಿ, ‘ಸಾರ್, ಕೆಲಸ ತಪ್ಪಿದ್ದರೆ ತೋರಿಸಿ, ತಿದ್ದಿಕೊಡುತ್ತೇನೆ. ನನ್ನ ತಾಯಿಯ ಹೆಸರು ಎತ್ತಬೇಡಿ’ ಎಂದಷ್ಟೇ ಹೇಳಬೇಕು. ಈ ಎರಡು ವಾಕ್ಯಗಳನ್ನು ಹಿಂದಿನ ರಾತ್ರಿ ಮನೆಯಲ್ಲಿ ಗಂಡಹೆಂಡಿರು ಎದುರುಬದುರು ಕುಳಿತು ಅಭ್ಯಾಸ ಮಾಡಿಕೊಳ್ಳಬಹುದು; ನಗು ಬಂದರೆ ನಗಲಿ. ಒಂದು ಹಳೆಯ ನೋಟ್‌ಪುಸ್ತಕದಲ್ಲಿ ದಿನಾಂಕ, ಹೊತ್ತು, ಆಡಿದ ಮಾತು, ಕೇಳಿಸಿಕೊಂಡವರ ಹೆಸರು ಬರೆದಿಡಿ. ಬರೆಯಲು ಬಾರದಿದ್ದರೆ ಬಲ್ಲವರು ಬರೆದುಕೊಡಲಿ. ‘ಯಾವಾಗಲೂ ಬೈಯುತ್ತಾರೆ’ ಎಂಬ ದೂರಿಗಿಂತ ದಿನಾಂಕವಿರುವ ನಾಲ್ಕು ಸಾಲಿಗೆ ತೂಕ ಹೆಚ್ಚು. ಒಬ್ಬಳಿಗೆ ಬೈಯುವವನು ಸಾಮಾನ್ಯವಾಗಿ ಇನ್ನೂ ಕೆಲವರಿಗೆ ಬೈಯುತ್ತಿರುತ್ತಾನೆ. ಅವರೊಡನೆ ಕೂಡಿ ಹೋದರೆ ಮಾತಿಗೆ ಬಲ ಬರುತ್ತದೆ. ಹೊಸದಾಗಿ ಸೇರಿದ ಹೆಲ್ಪರ್ ಹುಡುಗಿಗೆ ನಾವೇ ಒರಟರಾಗಿದ್ದರೆ ಆ ಬಲ ನಮಗೆ ದೊರೆಯದು ಎಂಬುದನ್ನೂ ನೆನೆಯಬೇಕು.

ಕಾನೂನಿನ ಆಸರೆಯೂ ಇದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ 20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿರಬೇಕು. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ವರ್ಗದವರನ್ನು ಇತರರು ಜನರೆದುರಿಗೆ ಜಾತಿಯ ಹೆಸರು ಹಿಡಿದು ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಂತೆ ಅಪರಾಧ. ಅದನ್ನು ‘ಕೆಲಸದ ಸ್ಥಳದ ಮಾಮೂಲು ಮಾತು’ ಎಂದು ತೇಲಿಸುವಂತಿಲ್ಲ.

ಮೈ ಮುಟ್ಟುವುದು, ಅಶ್ಲೀಲ ಮಾತು, ಬೇಡದ ಕರೆ ಇವುಗಳ ವಿಷಯದಲ್ಲಿ ತಾಳ್ಮೆಯ ಉಪದೇಶ ಸಲ್ಲದು. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಶ್ರಮಿಸಿದ ಹಳ್ಳಿಯ ಕಾರ್ಯಕರ್ತೆಯೊಬ್ಬರ ಮೇಲೆ 1992ರಲ್ಲಿ ನಡೆದ ಘೋರ ಅತ್ಯಾಚಾರವೇ ಮುಂದೆ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪಿಗೆ ಹಾದಿಯಾಯಿತು. ಅದರ ಬೆನ್ನಿಗೆ 2013ರ ಕಾಯಿದೆ ಬಂದಿತು. 10 ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಒಳಗಿನ ದೂರು ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ, ಇಲ್ಲವೆ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ 3 ತಿಂಗಳೊಳಗೆ ಬರೆದುಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಅವಕಾಶ ಕೊಡಬಹುದು. ಬರೆಯಲಾಗದವರಿಗೆ ನೆರವಾಗುವುದು ಸಮಿತಿಯದೇ ಕರ್ತವ್ಯ. ಇಂಥ ಹೊತ್ತಿನಲ್ಲಿ ಪತಿಯು ಪತ್ನಿಯ ಮೇಲೆ ಸಂಶಯ ತಾಳಿದರೆ ತಪ್ಪು ಮಾಡಿದವನಿಗೆ ತಾನೇ ಬೆಂಬಲ ಕೊಟ್ಟಂತೆ.

ಎಲ್ಲ ಪ್ರಯತ್ನವೂ ವ್ಯರ್ಥವಾದರೆ ಕೆಲಸ ಬಿಡುವುದು ಹೇಡಿತನವಲ್ಲ. ಆದರೆ ಸಿಟ್ಟಿನಲ್ಲಿ ಬಿಡಬೇಡಿ. ಮೊದಲು ಬೇರೆಡೆ ವಿಚಾರಿಸಿ. ಭವಿಷ್ಯನಿಧಿಯ ಸಂಖ್ಯೆ ನಿಮ್ಮ ಬಳಿ ಇರಲಿ. ಕಾಯಂ ಕೆಲಸಗಾರರಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ 5 ವರ್ಷದ ಸೇವೆ ಬೇಕು. ಕೆಲವೇ ತಿಂಗಳು ಉಳಿದಿರುವಾಗ ಬಿಟ್ಟು ಅದನ್ನು ಕಳೆದುಕೊಳ್ಳಬೇಡಿ. ಬರಿಯ ಹಾಳೆಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಒತ್ತಬೇಡಿ. ಗರ್ಭಿಣಿಯನ್ನು ಪೀಡಿಸಿ ತಾನಾಗಿಯೇ ಬಿಟ್ಟಂತೆ ಬರೆಸಿಕೊಳ್ಳಲು ನೋಡಿದರೆ ಇನ್ನೂ ಎಚ್ಚರವಿರಲಿ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲ ಎರಡು ಹೆರಿಗೆಗಳಿಗೆ ಸಂಬಳಸಹಿತ 26 ವಾರಗಳ ರಜೆ ಕಾನೂನಿನ ಹಕ್ಕು.

ಮಹಿಳೆಯರಿಗೂ, ಪರಿಶಿಷ್ಟರಿಗೂ, ಕೈಗಾರಿಕಾ ಕಾರ್ಮಿಕರಿಗೂ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ, ದೂರವಾಣಿ 15100. ಮಹಿಳಾ ಸಹಾಯವಾಣಿ 181. ನಿದ್ರೆಯಿಲ್ಲದೆ, ಅಳು ನಿಲ್ಲದೆ, ಬದುಕೇ ಬೇಡವೆನಿಸಿದರೆ ಹಗಲಾಗಲಿ ರಾತ್ರಿಯಾಗಲಿ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವುದಾದರೆ ಗಂಡಹೆಂಡಿರು ಇಬ್ಬರೂ ಬನ್ನಿ, ಆ ನೋಟ್‌ಪುಸ್ತಕವನ್ನೂ ತನ್ನಿ.