ತರಗತಿಯಲ್ಲಿ ಉಳಿದ ಮಗು ದಳದಲ್ಲಿಯೂ ಉಳಿಯಬೇಕೇ?



ದಿಂಡಿಗಲ್ ಜಿಲ್ಲೆಯ ವೇದಸಂದೂರಿನ ಸೀಮೆಯಿಂದ ಬಂದ ನಮಗೆ ಕನ್ನಡವು ಮನೆಯ ಮಾತು. ಅಕ್ಷರ ತಿದ್ದಿದ್ದು ಮಾತ್ರ ತಮಿಳಿನಲ್ಲಿ. ಆಗಿನ ಮಧುರೆ ಜಿಲ್ಲೆಯ ಕನ್ನಡ ಒಕ್ಕಲು ಸಮುದಾಯಗಳನ್ನು 1906ರ ಜಿಲ್ಲಾ ಗೆಜೆಟಿಯರ್ ದಾಖಲಿಸಿದೆ. ಅಂತಹ ಮನೆಯ ಮಗುವೊಂದು ಕನ್ನಡ ಶಾಲೆಗೆ ಸೇರಿತೆನ್ನೋಣ. ಅದು ಮಾತು ಬಲ್ಲದು, ಲಿಪಿಯನ್ನು ಅರಿಯದು. ಆದುದರಿಂದ ಐದನೆಯ ತರಗತಿಯಲ್ಲಿ ಎರಡನೆಯ ವರ್ಷವೂ ಉಳಿಯಿತು. ಓರಗೆಯವರು ಸ್ಕೌಟ್ ದಳಕ್ಕೆ ಏರುವಾಗ ಆ ಮಗು ಕಿರಿಯರ ಕಬ್ ಗುಂಪಿನಲ್ಲಿಯೇ ನಿಲ್ಲಬೇಕೇ?

ಬೇಡವೆಂಬುದೇ ನಮ್ಮ ವಿನಮ್ರ ಅಭಿಪ್ರಾಯ.

1950ರಲ್ಲಿ ಸ್ಥಾಪನೆಗೊಂಡ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲಿ ಕಬ್ ಮತ್ತು ಬುಲ್‌ಬುಲ್ ವಿಭಾಗಗಳು ಹತ್ತು ವರ್ಷದೊಳಗಿನವರಿಗೆ. ಹತ್ತು ತುಂಬಿದವರಿಗೆ ಸ್ಕೌಟ್ ಮತ್ತು ಗೈಡ್ ದಳಗಳು. ಅಲ್ಲಿ ಅಳತೆಗೋಲು ವಯಸ್ಸೇ ಹೊರತು ಅಂಕಪಟ್ಟಿಯಲ್ಲ. ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳನ್ನು ಏರಲು ಗಂಟು ಕಟ್ಟುವುದು, ಪ್ರಥಮ ಚಿಕಿತ್ಸೆ, ಶಿಬಿರದ ಕೆಲಸ ಮೊದಲಾದವುಗಳನ್ನು ಕಲಿತು ತೋರಿಸಬೇಕು. ಶಾಲಾ ಕ್ರೀಡಾಕೂಟಗಳೂ 14, 17, 19 ವರ್ಷದೊಳಗಿನವರೆಂದು ಜನ್ಮದಿನಾಂಕವನ್ನೇ ನೋಡುತ್ತವೆ.

ಶಿಕ್ಷಣ ಹಕ್ಕು ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯು, ಮರುಪರೀಕ್ಷೆಯಲ್ಲಿಯೂ ತೇರ್ಗಡೆಯಾಗದ ಮಗುವನ್ನು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಉಳಿಸಿಕೊಳ್ಳಲು ಸರ್ಕಾರಗಳಿಗೆ ಅವಕಾಶವಿತ್ತಿದೆ. ಉಳಿಸುವುದು ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಆದರೆ ಪಾಠದ ಬಾಕಿಯನ್ನು ಆಟದ ಅಂಗಳದಲ್ಲಿ ವಸೂಲು ಮಾಡುವುದು ನ್ಯಾಯವಲ್ಲ. ಹಾಗೆ ಮಾಡಿದರೆ ಮಗುವಿಗೆ ಒಂದೇ ಸೋಲಿಗೆ ಎರಡು ಶಿಕ್ಷೆಯಾಗುತ್ತದೆ. ತರಗತಿಯಲ್ಲಿ ಕಳೆದುಕೊಂಡ ಗೆಳೆಯರನ್ನು ಅದು ಮೈದಾನದಲ್ಲಿಯೂ ಕಳೆದುಕೊಳ್ಳುತ್ತದೆ.

"ಓದಿನಲ್ಲಿ ಹಿಂದುಳಿದವನಿಗೆ ದಳವೇಕೆ?" ಎಂಬ ತಂದೆತಾಯಿಯರ ಕಳವಳ ನಮಗೆ ತಿಳಿಯದ್ದಲ್ಲ. ಓದಿಗೆ ಹೊತ್ತು ಸಾಲದಿದ್ದರೆ ದಳದ ವೇಳೆಯನ್ನು ಕೊಂಚ ಕಡಿಮೆ ಮಾಡಬಹುದು. ಮಗುವಿನ ಸ್ಥಾನವನ್ನು ಇಳಿಸಬೇಕಾಗಿಲ್ಲ. ಪುಸ್ತಕದ ಮುಂದೆ ತಲೆತಗ್ಗಿಸುವ ಮಗು ಡೇರೆಯ ಹಗ್ಗ ಬಿಗಿಯುವಾಗ ತಲೆಯೆತ್ತಬಹುದು. ಆ ಧೈರ್ಯವೇ ಮರುದಿನ ಪುಸ್ತಕದ ಬಳಿಗೂ ಬಂದೀತು.

ಎಲ್ಲ ಮಕ್ಕಳೂ ಒಂದೇ ತೆರನಲ್ಲವೆಂಬುದೂ ನಿಜ. ಕೆಲವರು ದೊಡ್ಡವರ ನಡುವೆ ಅಂಜುತ್ತಾರೆ. ಅಂತಹವರನ್ನು ಮೊದಲು ಕೇಳೋಣ. ಪರಿಚಿತ ಗೆಳೆಯನಿರುವ ಪೆಟ್ರೋಲಿಗೆ ಸೇರಿಸೋಣ. ಮೂರು ತಿಂಗಳ ಬಳಿಕ ಗುರುಗಳೂ ಪೋಷಕರೂ ಮಗುವಿನೊಡನೆ ಕುಳಿತು ಮತ್ತೊಮ್ಮೆ ವಿಚಾರಿಸೋಣ. ನಿರ್ಧಾರವು ಮಗುವಿನ ಬೆನ್ನ ಹಿಂದೆ ಆಗದಿರಲಿ.

ನೂರು ವರ್ಷ ಪೂರೈಸಿದ ಈ ಶಾಲೆಯಲ್ಲಿ ಒಂದು ತರಗತಿಯನ್ನು ಎರಡು ಬಾರಿ ಓದಿ, ಮುಂದೆ ಊರಿಗೆ ಆಸರೆಯಾದವರು ಈ ಸಭೆಯಲ್ಲಿಯೂ ಇರಬಹುದು. ಅವರು ಮುಜುಗರ ಬಿಟ್ಟು ತಮ್ಮ ಅನುಭವವನ್ನು ಇಂದಿನ ಮಕ್ಕಳಿಗೆ ಹೇಳಲಿ. ತರಗತಿಯಲ್ಲಿ ಒಂದು ವರ್ಷ ನಿಂತ ಮಗುವಿಗೆ ಮೈದಾನದ ಬಾಗಿಲು ತೆರೆದೇ ಇರಲೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.