ಬಂಧನದ ಕಾರಣ ನಮ್ಮ ಭಾಷೆಯಲ್ಲಿ: ತೀರ್ಪುಗಳು ಕಟ್ಟಿಕೊಟ್ಟ ಹಕ್ಕುಗಳು

2025ರ ಜೂನ್ 25ರ ಸಂಜೆ ‘ದೇವನಹಳ್ಳಿ ಚಲೋ’ಗೆ ಸೇರಿದ್ದ ಹೋರಾಟಗಾರರನ್ನು ಪೊಲೀಸರು ವಶಕ್ಕೆ ಪಡೆದರು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನು ಉಳಿಸಿಕೊಳ್ಳಲು ರೈತರು 2022ರಿಂದ ಧರಣಿ ಕೂತಿದ್ದರು. ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಜಮೀನೇನೋ ಉಳಿಯಿತು. ಆದರೆ ಪೊಲೀಸರು ಹಿಡಿದೊಯ್ಯುವಾಗ ರೈತನೊಬ್ಬ ಏನು ಕೇಳಬಹುದು, ಯಾರನ್ನು ಕರೆಸಬಹುದು ಎಂಬುದು ಈ ಹೋಬಳಿಯ ಮನೆಮನೆಗೂ ತಿಳಿದಿರಬೇಕಾದ ವಿಷಯ.

ಸಂವಿಧಾನದ 22ನೇ ವಿಧಿ ಮೂರು ಭರವಸೆ ಕೊಡುತ್ತದೆ: ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಕಾರಣವನ್ನು ಬಾಯಲ್ಲಿ ಹೇಳಿದರೆ ಸಾಕೇ, ಬರೆದು ಕೊಡಬೇಕೇ, ಯಾವ ಭಾಷೆಯಲ್ಲಿ? ಈ ಪ್ರಶ್ನೆಗಳಿಗೆ ಉತ್ತರ ಬಂದದ್ದು ನ್ಯಾಯಾಲಯಗಳಿಂದ.

ಒಂದು ಪತ್ರ, ಹನ್ನೊಂದು ಸೂಚನೆ

1986ರ ಆಗಸ್ಟ್‌ನಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ನ್ಯಾಯಾಲಯ 1996ರ ಡಿಸೆಂಬರ್ 18ರಂದು 11 ಸೂಚನೆಗಳನ್ನು ಕೊಟ್ಟಿತು. ಬಂಧಿಸುವ ಪೊಲೀಸರ ಹೆಸರು, ಹುದ್ದೆ ಎದ್ದು ಕಾಣುವಂತಿರಬೇಕು. ಸ್ಥಳದಲ್ಲೇ ಬಂಧನದ ಮೆಮೊ ಬರೆಯಬೇಕು. ಅದರಲ್ಲಿ ದಿನಾಂಕ, ಸಮಯ ಇರಬೇಕು. ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು. 24 ಗಂಟೆಯ ಲೆಕ್ಕ ಶುರುವಾಗುವುದೇ ಆ ಸಮಯದಿಂದ. ಅದನ್ನು ತಿದ್ದಿದರೆ ಹಕ್ಕಿಗೇ ಕತ್ತರಿ ಬೀಳುತ್ತದೆ.

ಮುಂದೆ ಸಂಸತ್ತು ಈ ಮೆಮೊವನ್ನು ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿಸಿತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೂ ಅದು ಉಳಿದಿದೆ.

ಕರ್ನಾಟಕದಿಂದ ಹೋದ ಪ್ರಶ್ನೆ

ಹಕ್ಕುಗಳು ಮೆಮೊಗೆ ಮುಗಿಯುವುದಿಲ್ಲ, ವಿಚಾರಣೆಯಲ್ಲೂ ಇರುತ್ತವೆ. ಮಂಪರು ಪರೀಕ್ಷೆಗೆ ಬೆಂಗಳೂರು ಹೆಸರಾಗಿದ್ದ ಕಾಲವೊಂದಿತ್ತು. ಚುಚ್ಚುಮದ್ದು ಕೊಟ್ಟು ಅರೆಪ್ರಜ್ಞೆಯಲ್ಲಿ ಬಾಯಿ ಬಿಡಿಸುವುದು ಸರಿಯೇ? ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿತು: ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳುಪತ್ತೆ, ಮಿದುಳಿನ ಪರೀಕ್ಷೆ ಮಾಡುವಂತಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ 20(3)ನೇ ವಿಧಿಗೆ ಹೀಗೆ ಹೊಸ ಬಲ ಬಂತು.

ಪೊಲೀಸರ ಬಲವಂತಕ್ಕೆ ರಾಜ್ಯದೊಳಗೂ ತಡೆ ಬಿದ್ದಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್, ಕಾನೂನು ವಿದ್ಯಾರ್ಥಿಯೊಬ್ಬರಿಗೆ ಕಾರಣವಿಲ್ಲದೆ ಕೈಕೋಳ ತೊಡಿಸಿದ್ದಕ್ಕೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಬರೆದು ಕೊಡಿ, ತಿಳಿಯುವಂತೆ ಕೊಡಿ

ತೀರ್ಪುಗಳ ಹಾದಿ ನೇರವಾಗಿಲ್ಲ. ಕೊಲೆ ಪ್ರಕರಣವೊಂದರ ಆರೋಪಿ, ನಟ ದರ್ಶನ್ ಅವರಿಗೆ 2024ರ ಡಿಸೆಂಬರಿನಲ್ಲಿ ಜಾಮೀನು ಕೊಡುವಾಗ, ಬಂಧನದ ಕಾರಣಗಳನ್ನು ತಕ್ಷಣ ಲಿಖಿತವಾಗಿ ಕೊಟ್ಟಿರಲಿಲ್ಲ ಎಂಬುದನ್ನೂ ಹೈಕೋರ್ಟ್ ಪರಿಗಣಿಸಿತ್ತು. ಅದರಿಂದ ಆರೋಪಿಗೆ ತೊಂದರೆಯಾದದ್ದು ಸಾಬೀತಾಗಿಲ್ಲವೆಂದೂ ಹೇಳಿ 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಜಾಮೀನು ರದ್ದುಪಡಿಸಿತು. ಮೂರು ತಿಂಗಳೂ ಕಳೆದಿರಲಿಲ್ಲ. ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ ಮುಂದಿನ ದಾರಿ ಹಾಕಿತು. ಯಾವ ಅಪರಾಧವೇ ಇರಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕಾರಣಗಳನ್ನು ಬರೆದು ಕೊಡಬೇಕು. ಆ ಕ್ಷಣದಲ್ಲಿ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಬರಹ ಕೈಗೆ ಸಿಗಬೇಕು. ಇಲ್ಲವಾದರೆ ಬಂಧನವೂ ರಿಮಾಂಡೂ ಕಾನೂನುಬಾಹಿರ.

ಕನ್ನಡವಷ್ಟೇ ಬಲ್ಲ ರೈತನಿಗೆ ಇಂಗ್ಲಿಷಿನ ಹಾಳೆ ಕೊಟ್ಟು ಕೈತೊಳೆದುಕೊಳ್ಳಲು ಇನ್ನು ಬರುವುದಿಲ್ಲ. ಆದರೆ ಕೇಳುವವರಿಲ್ಲದಿದ್ದರೆ ತೀರ್ಪು ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಆದ್ದರಿಂದ ಮನೆಯವರು ಮೆಮೊ ಕೇಳಬೇಕು, ಸಮಯ ಓದಿಯೇ ಸಹಿ ಹಾಕಬೇಕು, ಲಿಖಿತ ಕಾರಣ ಸಿಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಹೇಳಬೇಕು. ಬಂಧನದಲ್ಲಿರುವವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಪ್ರತಿ ಮನೆಯವರೂ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.